ಪರದೆಯಲ್ಲಿ 25, ರಸ್ತೆಯಲ್ಲಿ 34: ಒಂದು ವಿದ್ಯುತ್ ಸೈಕಲ್ಲಿನ ದುರಸ್ತಿ ದಾಖಲೆ

ನನ್ನ ತಮ್ಮನ ಮಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತಂದ ವಿದ್ಯುತ್ ಸೈಕಲ್ಲನ್ನು ನಿಶ್ಚಿಂತೆಯಿಂದ ಅವನ ಕೈಗೆ ಕೊಡುವ ಸ್ಥಿತಿಗೆ ತರಲು ನನಗೆ ನಾಲ್ಕು ವಾರಾಂತ್ಯಗಳು ಬೇಕಾದವು. ಅದು ಕಾರ್ಖಾನೆಯಿಂದಲೇ ವಿದ್ಯುತ್ ಸೈಕಲ್ಲಾಗಿ ಬಂದದ್ದಲ್ಲ. ಸಾಧಾರಣ ಸೈಕಲ್ಲೊಂದಕ್ಕೆ ಮುಂದಿನ ಚಕ್ರದ ನಡುವೆಯೇ ಕೂರುವ ಹಬ್ ಮೋಟಾರ್, 36 ವೋಲ್ಟಿನ ಬ್ಯಾಟರಿ, ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್, ಕೈಯಿಂದ ವೇಗ ಏರಿಸುವ ಥ್ರಾಟಲ್ ಮತ್ತು ತುಳಿತವನ್ನು ಗುರುತಿಸುವ ಪೆಡಲ್ ಸೆನ್ಸರ್ ಇರುವ ಕಿಟ್ಟನ್ನು ಹಿಂದಿನ ಮಾಲೀಕರು ತಾವೇ ಜೋಡಿಸಿಕೊಂಡಿದ್ದರು. ಮೋಟಾರಿನ ಮೇಲೆ 250 ವ್ಯಾಟ್ ಎಂದು ಕೊರೆದಿತ್ತು, ಹ್ಯಾಂಡಲ್ಲಿನ ಪರದೆ 25 ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ತೋರಿಸುತ್ತಿರಲಿಲ್ಲ, ಮಾರಿದವರು "ಎಲ್ಲಾ ಕಾನೂನು ಪ್ರಕಾರವೇ ಇದೆ" ಎಂದು ಹೇಳಿ ಕಳುಹಿಸಿದ್ದರು. ನಾನು ಅದನ್ನು ಬಿಚ್ಚಲು ಕುಳಿತದ್ದು ಬ್ರೇಕಿನ ರಬ್ಬರು ಬದಲಿಸುವುದಕ್ಕೆ ಮಾತ್ರ.

ಬದಲಿಸುವ ಮೊದಲು ಒಂದು ಸುತ್ತು ಓಡಿಸಿ ನೋಡಿದೆ. ಸಮತಟ್ಟಾದ ರಸ್ತೆಯಲ್ಲಿ ಪರದೆ 25ಕ್ಕೆ ಬಂದು ನಿಂತಿತು, ಮೋಟಾರಿನ ಎಳೆತವೂ ಅಲ್ಲಿಗೆ ಕಡಿಮೆಯಾಯಿತು. ಆದರೆ ಮುಖಕ್ಕೆ ಹೊಡೆಯುತ್ತಿದ್ದ ಗಾಳಿ 25ರ ಗಾಳಿಯಂತೆ ಇರಲಿಲ್ಲ. ಫೋನಿನ ಜಿಪಿಎಸ್ ಹಾಕಿಕೊಂಡು ಅದೇ ರಸ್ತೆಯಲ್ಲಿ ಹೋಗುತ್ತಾ ಬರುತ್ತಾ ಎರಡೆರಡು ಸಲ ಓಡಿಸಿದಾಗ, ಪರದೆಯಲ್ಲಿ 25 ಇದ್ದ ಹೊತ್ತಿಗೆ ಜಿಪಿಎಸ್ 33 ಮತ್ತು 34ರ ನಡುವೆ ತೋರಿಸಿತು. ಆ ಕ್ಷಣದಲ್ಲಿ ಇದು ಬ್ರೇಕ್ ರಬ್ಬರಿನ ಕೆಲಸವಾಗಿ ಉಳಿಯಲಿಲ್ಲ. ಈ ಸೈಕಲ್ಲಿನ ಮೇಲೆ ಬರೆದಿರುವ ಯಾವ ಅಂಕಿಯನ್ನೂ ನಾನೇ ಅಳೆದು ನೋಡುವವರೆಗೆ ನಂಬಬಾರದು ಎಂದು ತೀರ್ಮಾನಿಸಿ ದಪ್ಪನೆಯ ನೋಟ್‌ಬುಕ್ಕೊಂದನ್ನು ಪಕ್ಕಕ್ಕೆ ಇಟ್ಟುಕೊಂಡೆ.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಪರದೆಯ ಸೆಟ್ಟಿಂಗಿನಲ್ಲಿ ಚಕ್ರದ ವ್ಯಾಸವನ್ನು 20 ಇಂಚು ಎಂದು ಕೊಟ್ಟಿದ್ದರು. ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಉರುಳುತ್ತದೆ ಎಂಬುದನ್ನು ಕಂಟ್ರೋಲರ್ ತಾನಾಗಿ ಅರಿಯಲಾರದು. ನಾವು ಕೊಟ್ಟ ವ್ಯಾಸದಿಂದ ಸುತ್ತಳತೆಯನ್ನು ಲೆಕ್ಕ ಹಾಕಿ, ಸುತ್ತುಗಳ ಎಣಿಕೆಯಿಂದ ಗುಣಿಸಿ ವೇಗ ಹೇಳುತ್ತದೆ. 20 ಇಂಚಿನ ವ್ಯಾಸಕ್ಕೆ ಸುತ್ತಳತೆ 1596 ಮಿಲಿಮೀಟರ್. ಟೈರಿಗೆ ಸರಿಯಾದ ಗಾಳಿ ತುಂಬಿಸಿ, ನಾನೇ ಮೇಲೆ ಕುಳಿತು, ಟೈರಿನ ಮೇಲೆ ಸೀಮೆಸುಣ್ಣದ ಗುರುತು ಮಾಡಿ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆದಾಗ ಸಿಕ್ಕಿದ್ದು 2165 ಮಿಲಿಮೀಟರ್. 25ನ್ನು 2165ರಿಂದ ಗುಣಿಸಿ 1596ರಿಂದ ಭಾಗಿಸಿದರೆ 33.9 ಬರುತ್ತದೆ. ಜಿಪಿಎಸ್ ಹೇಳಿದ ಅಂಕಿಗೂ ಈ ಲೆಕ್ಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ವೇಗದ ಮಿತಿಯನ್ನು ತೆಗೆದುಹಾಕದೆ, ಚಕ್ರವನ್ನೇ ಚಿಕ್ಕದೆಂದು ನಂಬಿಸಿ ಆ ಮಿತಿಯನ್ನು ದಾಟಿಸಿದ್ದರು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಎನ್ನುವುದೇ ಈ ಉಪಾಯದಲ್ಲಿರುವ ಅಪಾಯ.

"ದೊಡ್ಡಪ್ಪಾ, ಒಂಬತ್ತು ಕಿಲೋಮೀಟರ್ ಜಾಸ್ತಿ ಆದರೆ ಏನಾಗುತ್ತೆ?" ಎಂದು ಹುಡುಗ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು, ಆದ್ದರಿಂದ ಕುಳಿತು ಲೆಕ್ಕ ಮಾಡಿ ತೋರಿಸಿದೆ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋ ಎಂದುಕೊಂಡರೆ, 25ರ ವೇಗದಲ್ಲಿ ಚಲನಶಕ್ತಿ ಸುಮಾರು 2400 ಜೂಲ್, 34ರಲ್ಲಿ ಸುಮಾರು 4460 ಜೂಲ್. ವೇಗ ಹೆಚ್ಚಿದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚಿದ್ದು ಶೇಕಡಾ 85. ಒಣ ರಸ್ತೆಯಲ್ಲಿ ಬ್ರೇಕು ಹಿಡಿದ ಪ್ರತಿ ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 4 ಮೀಟರಿನಷ್ಟು ತಗ್ಗುತ್ತದೆ, ಕಣ್ಣು ಕಂಡು ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡ್ ಬೇಕಾಗುತ್ತದೆ ಎಂದು ಹಿಡಿದರೆ, 25ರಲ್ಲಿ ನಿಲ್ಲಲು ಸುಮಾರು 13 ಮೀಟರ್ ಸಾಕು, 34ರಲ್ಲಿ ಅದು 20 ಮೀಟರನ್ನು ದಾಟುತ್ತದೆ. ಆ ಹೆಚ್ಚುವರಿ ಏಳು ಮೀಟರಿನೊಳಗೆ ಯಾರಾದರೂ ರಸ್ತೆ ದಾಟುತ್ತಿರಬಹುದು. ಹುಡುಗ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಮತ್ತೆ ಆ ಮಾತು ಎತ್ತಲಿಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಬರೆದುಬಿಡುತ್ತೇನೆ, ಏಕೆಂದರೆ ಮುಂದಿನ ಕೆಲಸದಲ್ಲಿ ಯಾವ ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಕು ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2013ರ 168ನೆಯ ನಿಯಮಾವಳಿಯ ಪ್ರಕಾರ, ಮೋಟಾರಿನ ನಿರಂತರ ಸಾಮರ್ಥ್ಯ 250 ವ್ಯಾಟ್ ಮೀರದೆ, ಪೆಡಲ್ ತುಳಿಯುವುದನ್ನು ನಿಲ್ಲಿಸಿದೊಡನೆ ಮೋಟಾರ್ ನಿಂತು, ವೇಗ 25 ಕಿಲೋಮೀಟರ್ ಮುಟ್ಟುವ ಮೊದಲೇ ನೆರವು ಕ್ರಮೇಣ ಇಳಿದು ಇಲ್ಲವಾಗುವಂತಿದ್ದರೆ ಮಾತ್ರ ಅದನ್ನು ಸೈಕಲ್ ಎಂದು ಎಣಿಸಲಾಗುತ್ತದೆ. ಬ್ರಿಟನ್ನಿನಲ್ಲಿಯೂ 250 ವ್ಯಾಟ್ ಮತ್ತು ಗಂಟೆಗೆ 15.5 ಮೈಲಿಯ ಮಿತಿ ಇದ್ದು, ಸವಾರರಿಗೆ ಕನಿಷ್ಠ 14 ವರ್ಷ ಆಗಿರಬೇಕು. ಅಮೆರಿಕದ 2002ರ ಒಕ್ಕೂಟ ಕಾಯ್ದೆ 750 ವ್ಯಾಟಿಗಿಂತ ಕಡಿಮೆ ಶಕ್ತಿಯ, ಮೋಟಾರಿನ ಬಲವೊಂದರಿಂದಲೇ ಗಂಟೆಗೆ 20 ಮೈಲಿ ಮುಟ್ಟದ ವಾಹನವನ್ನು ಮಾರಾಟದ ದೃಷ್ಟಿಯಿಂದ ಸೈಕಲ್ ಎಂದು ಪರಿಗಣಿಸುತ್ತದೆ. ರಸ್ತೆಯ ಮೇಲೆ ಓಡಿಸುವ ನಿಯಮಗಳನ್ನು ಅಲ್ಲಿ ಆಯಾ ರಾಜ್ಯಗಳು ಮಾಡಿಕೊಳ್ಳುತ್ತವೆ. ಜಪಾನಿನಲ್ಲಿ ಲೆಕ್ಕವೇ ಬೇರೆ: ಗಂಟೆಗೆ 10 ಕಿಲೋಮೀಟರಿನವರೆಗೆ ಸವಾರನ ಬಲದ ಎರಡರಷ್ಟು ನೆರವನ್ನು ಮೋಟಾರ್ ಕೊಡಬಹುದು, ಅಲ್ಲಿಂದ ಮುಂದೆ ಆ ನೆರವು ಇಳಿಯುತ್ತಾ 24 ಕಿಲೋಮೀಟರಿಗೆ ಸೊನ್ನೆಯಾಗಬೇಕು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಪೆಡಲ್ ನೆರವಿನ ಸೈಕಲ್ಲಿನ ಮೋಟಾರಿಗೆ ಮೂವತ್ತು ನಿಮಿಷಗಳ ಸಾಮರ್ಥ್ಯ 0.25 ಕಿಲೋವ್ಯಾಟಿಗಿಂತ ಕಡಿಮೆ ಇರಬೇಕು, 25 ಕಿಲೋಮೀಟರಿಗೆ ಅಥವಾ ಪೆಡಲ್ ನಿಂತಾಗ ಅದಕ್ಕೂ ಮೊದಲೇ ನೆರವು ಕಡಿತವಾಗಬೇಕು, ತಕ್ಕ ಬ್ರೇಕುಗಳೂ, ಮುಂದೆ ಬಿಳಿಯ ಮತ್ತು ಹಿಂದೆ ಕೆಂಪು ಪ್ರತಿಫಲಕವೂ ಇರಬೇಕು ಎಂದಿದೆ.

ಈ ಮಿತಿಗಳ ಒಳಗಿದ್ದರೆ ಅದು ಸೈಕಲ್, ಮೀರಿದರೆ ಮೋಟಾರು ವಾಹನ. ನೋಂದಣಿ, ಚಾಲನಾ ಪರವಾನಗಿ, ವಿಮೆ ಇವೆಲ್ಲ ಮೋಟಾರು ವಾಹನದ ಬೆನ್ನಿಗೇ ಬರುತ್ತವೆ. ಹಾಗಾಗಿ 34ರಲ್ಲಿ ಓಡುವ ಸೈಕಲ್ಲಿನ ಸವಾರ, ತನಗೆ ತಿಳಿಯದೆಯೇ, ವಿಮೆಯೂ ನೋಂದಣಿಯೂ ಇಲ್ಲದ ಮೋಟಾರು ವಾಹನವನ್ನು ಓಡಿಸುತ್ತಿರುತ್ತಾನೆ. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಭಾರತದ ನಿಯಮವು ಈ ಷರತ್ತುಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ದೃಢಪಡಿಸಿರಬೇಕು ಎನ್ನುತ್ತದೆ. ಮನೆಯಲ್ಲಿ ಜೋಡಿಸಿದ ಸೈಕಲ್ಲಿನ ಅಂಕಿಗಳನ್ನು ನಾನು ಎಷ್ಟೇ ನಿಖರವಾಗಿ ಅಳೆದರೂ ಅದು ಆ ಪ್ರಮಾಣಪತ್ರಕ್ಕೆ ಸಮನಾಗದು. ನಾನು ಮಾಡಬಹುದಾದದ್ದು ನಿಯಮದ ಉದ್ದೇಶಕ್ಕೆ ಒಪ್ಪುವ ವಾಹನವನ್ನು ಕಟ್ಟಿ, ಅಳತೆಗಳನ್ನು ಬರೆದಿಡುವುದು. ಹೊಸದಾಗಿ ಕೊಳ್ಳುವವರು ಪರೀಕ್ಷೆಯಾದ ಸೈಕಲ್ಲನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ವಾರಾಂತ್ಯದಲ್ಲಿ ಮುಂದಿನ ಚಕ್ರವನ್ನು ಇಳಿಸಿದೆ. ಇಡೀ ಕೆಲಸದಲ್ಲಿ ನನ್ನ ಎದೆ ಝಲ್ಲೆಂದದ್ದು ಇಲ್ಲಿಯೇ. ಹಬ್ ಮೋಟಾರಿನ ಆಕ್ಸಲ್, ಅಂದರೆ ಚಕ್ರದ ನಡುದಂಡ, 12 ಮಿಲಿಮೀಟರ್ ದಪ್ಪದ್ದು, ಅದರ ಎರಡು ಬದಿಗಳನ್ನು ಚಪ್ಪಟೆಯಾಗಿ ಕಡಿದು 10 ಮಿಲಿಮೀಟರಿಗೆ ಇಳಿಸಿರುತ್ತಾರೆ. ಚಕ್ರವನ್ನು ಎರಡೂ ಕಡೆ ಹಿಡಿಯುವ ಸಾಮಾನ್ಯ ಮುಂದಿನ ಫೋರ್ಕಿನಲ್ಲಿ ಆಕ್ಸಲ್ ಕೂರುವ ಗಂಡಿಯ ಅಗಲ 9 ಮಿಲಿಮೀಟರ್. ಆ ಒಂದು ಮಿಲಿಮೀಟರಿಗಾಗಿ ಗಂಡಿಯನ್ನು ಅರದಿಂದ ಉಜ್ಜಿ ಅಗಲ ಮಾಡಿದ್ದರು. ಎಡಗಡೆ ಅರದ ಗೆರೆಗಳು ಓರೆಯಾಗಿದ್ದು, ಗಂಡಿಯ ಬಾಯಿ ತಳಕ್ಕಿಂತ ಅರ್ಧ ಮಿಲಿಮೀಟರ್ ಅಗಲವಾಗಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಅದು ಸಸ್ಪೆನ್ಷನ್ ಫೋರ್ಕ್ ಆಗಿತ್ತು, ಅದರ ಕೆಳಭಾಗ ಎರಕ ಹೊಯ್ದ ಮೆಗ್ನೀಷಿಯಂ ಮಿಶ್ರಲೋಹದ್ದಾಗಿತ್ತು. ಎರಕದ ಲೋಹ ಉಕ್ಕಿನಂತೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಸೀಳುತ್ತದೆ.

ಇಲ್ಲಿ ಎಷ್ಟು ಬಲ ಬೀಳುತ್ತದೆ ಎಂಬುದನ್ನು ಅನೇಕರು ಲೆಕ್ಕ ಹಾಕಿ ನೋಡುವುದಿಲ್ಲ, ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲದಿಂದ ತನ್ನ ಆಕ್ಸಲನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಇಂಥ ಚಿಕ್ಕ ಹಬ್ ಮೋಟಾರಿನ ತಿರುಗುಬಲ 40 ನ್ಯೂಟನ್ ಮೀಟರ್ ಎಂದು ಹಿಡಿಯೋಣ. 12 ಮಿಲಿಮೀಟರ್ ಆಕ್ಸಲಿನಲ್ಲಿ 10ಕ್ಕೆ ಕಡಿದ ಚಪ್ಪಟೆ ಬದಿಯ ಅಗಲ ಕೇವಲ 6.6 ಮಿಲಿಮೀಟರ್. ಗಂಡಿಯ ಗೋಡೆಗಳನ್ನು ಅಗಲಿಸಲು ನೋಡುವುದು ಆ ಚಪ್ಪಟೆ ಬದಿಯ ಎರಡು ಅಂಚುಗಳು. 40ನ್ನು 0.0066 ಮೀಟರಿನಿಂದ ಭಾಗಿಸಿದರೆ ಸುಮಾರು 6000 ನ್ಯೂಟನ್. ಎಡ ಬಲ ಎರಡೂ ಗಂಡಿಗಳು ಸಮನಾಗಿ ಹಂಚಿಕೊಂಡರೂ ಒಂದೊಂದು ಅಂಚಿನ ಮೇಲೆ 300 ಕಿಲೋ ಭಾರ ಇಟ್ಟಷ್ಟು ಒತ್ತಡ. ಪ್ರತಿ ಸಲ ಸೈಕಲ್ ಹೊರಟಾಗಲೂ ಈ ಒತ್ತಡ ಬೀಳುತ್ತದೆ, ಬಿಡುತ್ತದೆ. ಗೋಡೆ ಸೋತರೆ ಆಕ್ಸಲ್ ತಿರುಗಿ, ಮೋಟಾರಿನ ತಂತಿಗಳನ್ನು ಕತ್ತರಿಸಿ, ಚಕ್ರ ಫೋರ್ಕಿನಿಂದ ಕಳಚಿ ಬೀಳುತ್ತದೆ. ಹಿಂದಿನ ಚಕ್ರದಲ್ಲಿ ಹೀಗಾದರೆ ಸವಾರ ಪಾರಾಗುವ ಅವಕಾಶವಾದರೂ ಇದೆ; ಮುಂದಿನ ಚಕ್ರ ಕಳಚಿದರೆ ಮುಖವೇ ನೆಲಕ್ಕೆ.

ಎಡಗಡೆಯ ಗಂಡಿಯ ಮೂಲೆಯಲ್ಲಿ ಕೂದಲಿನಷ್ಟು ತೆಳುವಾದ ಒಂದು ಗೆರೆ ಕಂಡಿತು. ಬಣ್ಣದ ಬಿರುಕೋ ಲೋಹದ ಬಿರುಕೋ ಎಂದು ತಿಳಿಯಲು ಹಳೆಯ ವರ್ಕ್‌ಶಾಪ್ ವಿಧಾನವನ್ನೇ ಅನುಸರಿಸಿದೆ. ಆ ಜಾಗದ ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಐದಾರು ನಿಮಿಷದಲ್ಲಿ ಬಿಳಿಯ ಪುಡಿಯ ಮೇಲೆ ಸುಮಾರು 4 ಮಿಲಿಮೀಟರ್ ಉದ್ದದ ಒದ್ದೆ ಗೆರೆ ಮೂಡಿ ಬಂತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಪುಡಿ ಹೀರಿಕೊಂಡಿತ್ತು. ಹುಡುಗನನ್ನು ಕರೆದು ತೋರಿಸಿದೆ. ಅವನು ಈ ಫೋರ್ಕಿನ ಮೇಲೆ ಹನ್ನೊಂದು ದಿನ ಕಾಲೇಜಿಗೆ ಹೋಗಿ ಬಂದಿದ್ದ.

ಫೋರ್ಕನ್ನು ಮತ್ತೆ ಯಾರೂ ಬಳಸದಂತೆ ಗರಗಸದಿಂದ ಕೊಯ್ದು ಗುಜರಿಗೆ ಹಾಕಿದೆ. ಅದರ ಬದಲಿಗೆ ಸಸ್ಪೆನ್ಷನ್ ಇಲ್ಲದ ಉಕ್ಕಿನ ಫೋರ್ಕ್ ತಂದೆ. ತರುವಾಗ ಆಕ್ಸಲಿನಿಂದ ಫೋರ್ಕಿನ ಎರಡು ಕಾಲುಗಳು ಕೂಡುವ ಮೇಲಿನ ಕಿರೀಟದವರೆಗಿನ ಉದ್ದವನ್ನು ಹಳೆಯದರೊಂದಿಗೆ, ಸವಾರ ಕುಳಿತಾಗ ಸ್ಪ್ರಿಂಗ್ ಕುಗ್ಗುವಷ್ಟನ್ನು ಕಳೆದು, ಹೋಲಿಸಿ ನೋಡಬೇಕು. ಗಿಡ್ಡ ಫೋರ್ಕ್ ಹಾಕಿದರೆ ಹ್ಯಾಂಡಲ್ಲಿನ ಕೋನ ನೆಟ್ಟಗಾಗಿ ಸೈಕಲ್ ವೇಗದಲ್ಲಿ ತುಯ್ದಾಡುತ್ತದೆ. ಹೊಸ ಫೋರ್ಕಿನ ಗಂಡಿಯನ್ನೂ 10 ಮಿಲಿಮೀಟರಿಗೆ ಅಗಲಿಸಬೇಕಾಯಿತು, ಆದರೆ ಎರಡೂ ಗೋಡೆಗಳಿಂದ ಅರ್ಧರ್ಧ ಮಿಲಿಮೀಟರ್ ಮಾತ್ರ, ಪ್ರತಿ ಹತ್ತು ಉಜ್ಜಿಗೊಮ್ಮೆ ಆಕ್ಸಲನ್ನು ಇಟ್ಟು ನೋಡುತ್ತಾ, ಕೈಯಿಂದ ಒತ್ತಿದರೆ ಬಿಗಿಯಾಗಿ ಒಳಗೆ ಇಳಿಯುವಷ್ಟು. ಚಕ್ರ ಜಾರಬಾರದೆಂದು ಗಂಡಿಯ ಹೊರಮುಖದಲ್ಲಿ ಇರುವ ತಗ್ಗಿಗೆ ಸರಿಯಾಗಿ ಕೂರುವ ವಾಷರನ್ನು ಮೊದಲು ಹಾಕಿದೆ, ಇಲ್ಲವಾದರೆ ದೊಡ್ಡ ವಾಷರ್ ಅಂಚಿನ ಮೇಲೆ ಓರೆಯಾಗಿ ನಿಂತು ನಟ್ ಬಿಗಿಯಾದಂತೆ ಸುಳ್ಳು ಅನುಭವ ಕೊಡುತ್ತದೆ. ಹಳೆಯ ಜೋಡಣೆಯಲ್ಲಿ ಆಗಿದ್ದೂ ಅದೇ.

ಎರಡೂ ಬದಿಗೆ ಟಾರ್ಕ್ ಆರ್ಮ್ ಹಾಕಿದೆ. ಆಕ್ಸಲಿನ ಚಪ್ಪಟೆ ಬದಿಯನ್ನು ಬಿಗಿಯಾಗಿ ಹಿಡಿಯುವ ರಂಧ್ರವಿರುವ ಉಕ್ಕಿನ ದಪ್ಪ ಪಟ್ಟಿ ಇದು. ಇನ್ನೊಂದು ತುದಿಯನ್ನು ಫೋರ್ಕಿನ ಕಾಲಿಗೆ ಕ್ಲಾಂಪಿನಿಂದ ಬಿಗಿಯುತ್ತಾರೆ. ಪಟ್ಟಿ 100 ಮಿಲಿಮೀಟರ್ ಉದ್ದವಿದ್ದರೆ ಅದೇ 40 ನ್ಯೂಟನ್ ಮೀಟರ್ ತಿರುಗುಬಲ ಫೋರ್ಕಿನ ಕಾಲಿಗೆ ತಲುಪುವಾಗ 400 ನ್ಯೂಟನ್, ಅಂದರೆ 40 ಕಿಲೋ ಭಾರದಷ್ಟಾಗಿ ಉಳಿಯುತ್ತದೆ. ಅದನ್ನು ಉಕ್ಕಿನ ಕೊಳವೆ ಸಲೀಸಾಗಿ ತಾಳುತ್ತದೆ. ಒಂದೇ ಬದಿಗೆ ಸಾಕು ಎನ್ನುವವರಿದ್ದಾರೆ. ಮುಂದಿನ ಚಕ್ರದ ವಿಷಯದಲ್ಲಿ ನಾನು ಅದಕ್ಕೆ ಒಪ್ಪುವುದಿಲ್ಲ. ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ 40 ನ್ಯೂಟನ್ ಮೀಟರಿಗೆ ಬಿಗಿದು, ನಟ್ಟಿನಿಂದ ಟಾರ್ಕ್ ಆರ್ಮಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆ. ನಟ್ ಸ್ವಲ್ಪ ಸಡಿಲವಾದರೂ ಆ ಗೆರೆ ತುಂಡಾಗಿ ಕಾಣುತ್ತದೆ.

ಫೋರ್ಕಿನ ಬಿರುಕಿಗೆ ಒರಟು ಅರವೊಂದೇ ಕಾರಣ ಎಂದು ಆಗ ಅಂದುಕೊಂಡಿದ್ದೆ. ಮೂರನೆಯ ವಾರ ಕಂಟ್ರೋಲರಿನ ಪೆಟ್ಟಿಗೆ ಬಿಚ್ಚಿದಾಗ ಇನ್ನೊಂದು ಕಾರಣವೂ ಸಿಕ್ಕಿತು. ಪೆಟ್ಟಿಗೆಯ ಚೀಟಿಯಲ್ಲಿ ಗರಿಷ್ಠ 14 ಆಂಪಿಯರ್ ಎಂದಿತ್ತು. ಬ್ಯಾಟರಿ ಮತ್ತು ಕಂಟ್ರೋಲರಿನ ನಡುವೆ ವ್ಯಾಟ್‌ಮೀಟರ್ ಸೇರಿಸಿ, ಏರಿನಲ್ಲಿ ನಿಂತಲ್ಲಿಂದ ಹೊರಟಾಗ ಅದು 22 ಆಂಪಿಯರ್ ತೋರಿಸಿತು. ಒಳಗೆ ಸರ್ಕ್ಯೂಟ್ ಹಲಗೆಯ ಅಂಚಿನಲ್ಲಿ ಶಂಟ್ ಇತ್ತು. ಬ್ಯಾಟರಿಯಿಂದ ಬರುವ ವಿದ್ಯುತ್ತೆಲ್ಲವೂ ಹಾದುಹೋಗುವ ದಪ್ಪನೆಯ ಚಿಕ್ಕ ತಂತಿಯ ಕಮಾನು ಅದು. ಅದರ ಎರಡು ತುದಿಗಳ ನಡುವೆ ಬೀಳುವ ಅತಿ ಸಣ್ಣ ವೋಲ್ಟೇಜನ್ನು ನೋಡಿ ಕಂಟ್ರೋಲರ್ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂದು ತಿಳಿಯುತ್ತದೆ. ಆ ಕಮಾನಿನ ಮೈಮೇಲೆ, ಅರ್ಧದಷ್ಟು ಉದ್ದಕ್ಕೆ, ಬೆಸುಗೆಯ ಸೀಸವನ್ನು ಮೆತ್ತಿದ್ದರು. ಕಾರ್ಖಾನೆಯ ಬೆಸುಗೆ ನುಣುಪಾಗಿ ಹೊಳೆಯುತ್ತಿದ್ದರೆ, ಇದು ಮಂಕಾಗಿ, ಗಂಟುಗಂಟಾಗಿ, ಸುತ್ತಲೂ ಕಂದು ಫ್ಲಕ್ಸಿನ ಕಲೆಯೊಂದಿಗೆ ಕುಳಿತಿತ್ತು. ಸೀಸ ಮೆತ್ತಿದಾಗ ಶಂಟಿನ ರೋಧ ಕಡಿಮೆಯಾಗುತ್ತದೆ, 22 ಆಂಪಿಯರ್ ಹರಿದರೂ ಕಂಟ್ರೋಲರಿಗೆ 14ರಂತೆ ಕಾಣುತ್ತದೆ. ಚಕ್ರದ ವ್ಯಾಸದಲ್ಲಿ ಮಾಡಿದ್ದ ಉಪಾಯವನ್ನೇ ಇಲ್ಲಿ ಲೋಹದಲ್ಲಿ ಮಾಡಿದ್ದರು: ಅಳೆಯುವ ಕಣ್ಣಿಗೇ ಮಂಕು ಕವಿಸುವುದು.

38 ವೋಲ್ಟ್ ಎಂದು ಹಿಡಿದರೆ 14 ಆಂಪಿಯರಿಗೆ 532 ವ್ಯಾಟ್, 22ಕ್ಕೆ 836 ವ್ಯಾಟ್. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 250 ವ್ಯಾಟ್ ಎಂಬುದು ಮೋಟಾರ್ ಬಿಸಿಯೇರಿ ಹಾಳಾಗದೆ ನಿರಂತರವಾಗಿ ಕೊಡಬಲ್ಲ ಸಾಮರ್ಥ್ಯ. ಏರಿನಲ್ಲಿ ಕೆಲವು ಸೆಕೆಂಡುಗಳ ಕಾಲ ಅದಕ್ಕಿಂತ ಹೆಚ್ಚು ಎಳೆಯುವುದು ಪರೀಕ್ಷೆಯಾದ ಸೈಕಲ್ಲುಗಳಲ್ಲಿಯೂ ಇದೆ. ಆದ್ದರಿಂದ ವ್ಯಾಟ್‌ಮೀಟರಿನಲ್ಲಿ 500 ಕಂಡೊಡನೆ ಅಕ್ರಮ ಎಂದು ಹೇಳಲು ಬಾರದು. ಆದರೆ ತಯಾರಕರು 14 ಆಂಪಿಯರಿಗೆ ಕಟ್ಟಿದ ಮೋಟಾರ್, ತಂತಿ, ಕನೆಕ್ಟರ್ ಎಲ್ಲದರ ಮೂಲಕ 22 ಹರಿಸಿದಾಗ, ಮೋಟಾರಿನ ಮೇಲೆ ಕೊರೆದ 250ಕ್ಕೆ ಅರ್ಥವೇ ಉಳಿಯುವುದಿಲ್ಲ. ಹೊರಡುವಾಗಿನ ತಿರುಗುಬಲವೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಏರಿ 60 ನ್ಯೂಟನ್ ಮೀಟರ್ ಹತ್ತಿರಕ್ಕೆ ಹೋಗಿರುತ್ತದೆ. ಫೋರ್ಕಿನ ಬಿರುಕಿಗೂ ಈ ಸೀಸದ ಗಂಟಿಗೂ ಸಂಬಂಧ ಇದ್ದದ್ದು ಹೀಗೆ. ಮೋಟಾರಿಗೆ ಹೋಗುವ ಮೂರು ದಪ್ಪ ತಂತಿಗಳ ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ಕು ಕಾಫಿ ಬಣ್ಣಕ್ಕೆ ತಿರುಗಿ, ಒಂದು ಪಿನ್ನು ಒಳಗೇ ಅಂಟಿಕೊಂಡಿತ್ತು.

ಸೀಸವನ್ನು ತಾಮ್ರದ ಹೆಣಿಗೆಪಟ್ಟಿಗೆ ಹೀರಿಸಿ ತೆಗೆದೆ. ಒಂದೇ ಸಲಕ್ಕೆ ಬಹಳ ಹೊತ್ತು ಕಾಯಿಸಿದರೆ ಶಂಟ್ ತಾನೇ ಹಲಗೆಯಿಂದ ಸಡಿಲವಾಗುತ್ತದೆ, ಆದ್ದರಿಂದ ನಡುನಡುವೆ ತಣಿಯಲು ಬಿಟ್ಟು ನಾಲ್ಕು ಸಲದಲ್ಲಿ ಮುಗಿಸಿದೆ. ಮತ್ತೆ ಅದೇ ಏರಿನಲ್ಲಿ ಅಳೆದಾಗ ಗರಿಷ್ಠ 14.3 ಆಂಪಿಯರ್. ಸುಟ್ಟ ಕನೆಕ್ಟರನ್ನು ಕತ್ತರಿಸಿ ತೆಗೆದು, ದಪ್ಪ ಪಿನ್ನಿನ ಹೊಸದನ್ನು ಹಾಕಿದೆ. ಫ್ಯೂಸಿನಲ್ಲಿಯೂ ಒಂದು ತಪ್ಪಿತ್ತು, ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕಾರಿನಲ್ಲಿ ಬಳಸುವ ಚಪ್ಪಟೆ ಫ್ಯೂಸನ್ನೇ ಹಾಕಿದ್ದರು, 30 ಆಂಪಿಯರಿನದು. ಆ ಸಾಮಾನ್ಯ ಫ್ಯೂಸುಗಳು 32 ವೋಲ್ಟಿನವರೆಗೆ ಮಾತ್ರ ಎಂದು ಗುರುತಿಸಿದವು. ತುಂಬಿದ ಬ್ಯಾಟರಿಯಲ್ಲಿ 42 ವೋಲ್ಟ್ ಇರುತ್ತದೆ. ನೇರ ವಿದ್ಯುತ್ತಿನಲ್ಲಿ, ಮಿತಿ ಮೀರಿದ ವೋಲ್ಟೇಜಿನಲ್ಲಿ, ಫ್ಯೂಸಿನ ತಂತಿ ಕರಗಿದ ಮೇಲೂ ಕಿಡಿಯ ಸೇತುವೆ ಹಾಗೆಯೇ ಉಳಿದು ವಿದ್ಯುತ್ ಹರಿಯುತ್ತಲೇ ಇರಬಹುದು. 58 ವೋಲ್ಟಿನ 20 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಕೂರಿಸಿದೆ.

ಬ್ಯಾಟರಿಯನ್ನು ಉಳಿಸಿಕೊಳ್ಳಬಹುದೆಂಬ ಆಸೆ ನನಗೂ ಇತ್ತು. ಹತ್ತು ಗುಂಪುಗಳು ಸಾಲಾಗಿ, ಒಂದೊಂದು ಗುಂಪಿನಲ್ಲಿ ನಾಲ್ಕು ಸೆಲ್‌ಗಳು, ಒಟ್ಟು ನಲವತ್ತು. ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು, ಸೆಲ್‌ಗಳನ್ನು ಕಾಯುವ ಬಿಎಂಎಸ್ ಹಲಗೆಯ ಸಣ್ಣ ತಂತಿಗಳ ಮೇಲೆ ಮಲ್ಟಿಮೀಟರಿನ ಮೊನೆ ಇಟ್ಟು ಒಂದೊಂದೇ ಗುಂಪನ್ನು ಅಳೆದೆ. ಒಂಬತ್ತು ಗುಂಪುಗಳು 4.14ರಿಂದ 4.17 ವೋಲ್ಟಿನೊಳಗೆ ಇದ್ದವು, ಏಳನೆಯದು 3.71. ಎರಡು ದಿನ ಬಿಟ್ಟು ನೋಡಿದಾಗ ಉಳಿದವು ಅಲುಗಿರಲಿಲ್ಲ, ಏಳನೆಯದು 3.64ಕ್ಕೆ ಇಳಿದಿತ್ತು. ಬಳಸದೆ ಇಟ್ಟಾಗಲೂ ಹೀಗೆ ಇಳಿಯುವ ಗುಂಪಿನೊಳಗೆ ಎಲ್ಲೋ ವಿದ್ಯುತ್ ಸೋರುತ್ತಿದೆ ಎಂದರ್ಥ, ಸೋರುವ ಸೆಲ್ ಒಂದು ದಿನ ಒಳಗಿಂದೊಳಗೇ ಶಾರ್ಟ್ ಆಗಬಹುದು. ಲಿಥಿಯಂ ಸೆಲ್ ಒಂದು ಹಾಗೆ ಕಾದರೆ ತನ್ನ ಶಾಖದಿಂದಲೇ ಇನ್ನಷ್ಟು ಕಾದು, ಪಕ್ಕದ ಸೆಲ್‌ಗಳನ್ನೂ ಹೊತ್ತಿಸುತ್ತದೆ. ಚಾರ್ಜರನ್ನೂ ಪರೀಕ್ಷಿಸಿದೆ. ಮೇಲೆ 42 ವೋಲ್ಟ್ ಎಂದು ಬರೆದಿದ್ದರೂ ಹೊರಬರುತ್ತಿದ್ದದ್ದು 43.1. ಅಂದರೆ ಪ್ರತಿ ಸಲವೂ ಚಾರ್ಜನ್ನು ನಿಲ್ಲಿಸುತ್ತಿದ್ದದ್ದು ಚಾರ್ಜರ್ ಅಲ್ಲ, ಬಿಎಂಎಸ್. ಕೊನೆಯ ಕಾವಲುಗಾರನಾಗಿ ಇರಬೇಕಾದ ಹಲಗೆಯನ್ನು ದಿನನಿತ್ಯದ ಬಾಗಿಲು ಹಾಕಲು ದುಡಿಸಿದರೆ, ಅದು ಕೆಟ್ಟ ದಿನ ತಡೆಯಲು ಬೇರೆ ಯಾರೂ ಇರುವುದಿಲ್ಲ.

ಏಳನೆಯ ಗುಂಪನ್ನು ಮಾತ್ರ ಬದಲಿಸಿ ಬ್ಯಾಟರಿಯನ್ನು ಉಳಿಸುವ ಸಲಹೆಗಳು ಬಂದವು. ನಾನು ಮಾಡಲಿಲ್ಲ. ಸಾಕಷ್ಟು ಸವೆದ ಮೂವತ್ತಾರು ಸೆಲ್‌ಗಳ ನಡುವೆ ಹೊಸ ನಾಲ್ಕನ್ನು ಸೇರಿಸಿದರೆ ಅವುಗಳ ನಡತೆ ಒಂದಕ್ಕೊಂದು ಹೊಂದುವುದಿಲ್ಲ, ಮೇಲಾಗಿ 22 ಆಂಪಿಯರಿನ ದುಡಿಮೆ ಉಳಿದ ಗುಂಪುಗಳ ಒಳಗೆ ಏನು ಮಾಡಿದೆ ಎಂಬುದನ್ನು ಮಲ್ಟಿಮೀಟರ್ ಹೇಳಲಾರದು. ಮಲಗುವ ಮನೆಯ ಕೆಳಗೆ ಚಾರ್ಜಿಗೆ ಹಾಕುವ ವಸ್ತುವಿನ ವಿಷಯದಲ್ಲಿ ಉಳಿತಾಯದ ಲೆಕ್ಕ ಸಲ್ಲದು. ನ್ಯೂಯಾರ್ಕ್ ನಗರದಲ್ಲಿ ಇಂಥ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಗಳಲ್ಲಿ ಪ್ರಾಣಹಾನಿಯಾದ ಮೇಲೆ, 2023ರಲ್ಲಿ ತಂದ ಸ್ಥಳೀಯ ಕಾಯ್ದೆಯು ಅಲ್ಲಿ ಮಾರುವ ವಿದ್ಯುತ್ ಸೈಕಲ್ಲುಗಳಿಗೆ ಯುಎಲ್ 2849, ಬ್ಯಾಟರಿಗಳಿಗೆ ಯುಎಲ್ 2271 ಎಂಬ ಸುರಕ್ಷತಾ ಮಾನದಂಡಗಳನ್ನು ಕಡ್ಡಾಯ ಮಾಡಿತು. ಹಳೆಯ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಲೋಹವಲ್ಲದ ಪೆಟ್ಟಿಗೆಯಲ್ಲಿ ಮರಳಿನ ಮೇಲೆ ಮನೆಯ ಹೊರಗಿಟ್ಟು, ಮರುದಿನವೇ ಬ್ಯಾಟರಿ ಮರುಬಳಕೆಯವರಿಗೆ ಒಪ್ಪಿಸಿದೆ. ಪರೀಕ್ಷಾ ಪ್ರಮಾಣಪತ್ರವಿದ್ದ ಹೊಸ ಬ್ಯಾಟರಿಯನ್ನು, ಅದೇ ತಯಾರಕರ ಚಾರ್ಜರಿನೊಂದಿಗೆ ಕೊಂಡೆವು. ಆ ಚಾರ್ಜರನ್ನೂ ಮೊದಲ ದಿನವೇ ಅಳೆದೆ: 41.9.

ನಿಯಂತ್ರಣದ ಭಾಗಗಳಲ್ಲಿ ಮೊದಲು ಥ್ರಾಟಲನ್ನು ತೆಗೆದುಹಾಕಿದೆ. ಅದರ ಮೂರು ತಂತಿಗಳಲ್ಲಿ ಒಂದು 5 ವೋಲ್ಟ್, ಒಂದು ಭೂಮಿ (ಗ್ರೌಂಡ್), ಒಂದು ಸಂಕೇತ. ಹ್ಯಾಂಡಲ್ಲಿನ ಹತ್ತಿರ ಬಾಗಿಬಾಗಿ ಭೂಮಿಯ ತಂತಿಯ ಎಳೆಗಳು ಹರಿದು ಎರಡು ಮಾತ್ರ ಉಳಿದಿದ್ದವು. ಅವೂ ಹರಿದರೆ ಸಂಕೇತ 5 ವೋಲ್ಟಿನತ್ತ ಏರಿ, ಅಂಥ ದೋಷವನ್ನು ಗುರುತಿಸದ ಕಂಟ್ರೋಲರ್ ಪೂರ್ತಿ ವೇಗ ಕೇಳುತ್ತಿದ್ದಾರೆ ಎಂದೇ ತಿಳಿಯುತ್ತದೆ. ಪೆಡಲ್ ನೆರವು ಸರಿಯಾಗಿದ್ದರೆ ಥ್ರಾಟಲಿನ ಅಗತ್ಯವೇ ಇಲ್ಲ. ಕೈಯಲ್ಲಿ ತಳ್ಳಿಕೊಂಡು ಹೋಗುವಾಗ 6 ಕಿಲೋಮೀಟರಿನವರೆಗೆ ನೆರವು ಕೊಡುವ ಗುಂಡಿಯನ್ನು ಮಾತ್ರ ಉಳಿಸಿಕೊಂಡೆ.

ಬ್ರೇಕಿನ ಹಿಡಿಕೆಗಳಲ್ಲಿ ಮೋಟಾರನ್ನು ಕಡಿಯುವ ಸ್ವಿಚ್ಚುಗಳಿದ್ದವು, ಬಲಗಡೆಯದು ಸತ್ತಿತ್ತು. ಈ ಸ್ವಿಚ್ಚು ಬ್ರೇಕ್ ಒತ್ತಿದಾಗ ಮಾತ್ರ ಸೇರಿಕೊಳ್ಳುವ ಬಗೆಯದು, ಆದ್ದರಿಂದ ತಂತಿ ಹರಿದರೆ ಯಾವ ಸೂಚನೆಯೂ ಇರುವುದಿಲ್ಲ. ಬ್ರೇಕು ಹಿಡಿಯುತ್ತದೆ, ಮೋಟಾರೂ ಎಳೆಯುತ್ತಿರುತ್ತದೆ. ಹೊಸ ಹಿಡಿಕೆ ಹಾಕಿ, ಚಕ್ರವನ್ನು ಮೇಲೆತ್ತಿ ಪೆಡಲ್ ತಿರುಗಿಸುತ್ತಲೇ ಎರಡೂ ಹಿಡಿಕೆಗಳನ್ನು ಬೇರೆಬೇರೆಯಾಗಿ ಒತ್ತಿ ನೋಡುವುದನ್ನು ವಾರದ ಅಭ್ಯಾಸ ಮಾಡಿಕೊಳ್ಳಲು ಹುಡುಗನಿಗೆ ಹೇಳಿಕೊಟ್ಟೆ.

ಪೆಡಲ್ ಸೆನ್ಸರಿನಲ್ಲಿ ಐದೇ ಅಯಸ್ಕಾಂತಗಳಿದ್ದವು. ನಿಮಿಷಕ್ಕೆ 60 ಸುತ್ತು ತುಳಿದರೂ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ 0.2 ಸೆಕೆಂಡ್ ಅಂತರವಿರುತ್ತದೆ, ನಿಧಾನವಾಗಿ ತುಳಿದರೆ ಇನ್ನೂ ಹೆಚ್ಚು. ಹಾಗಾಗಿ ತುಳಿಯುವುದು ನಿಂತಿದೆ ಎಂದು ಖಚಿತವಾಗಲು ಕಂಟ್ರೋಲರ್ ಬಹಳ ಕಾಯಬೇಕಾಗುತ್ತದೆ. ಫೋನಿನಲ್ಲಿ ಚಿತ್ರೀಕರಿಸಿ ಎಣಿಸಿದಾಗ, ಪಾದ ನಿಂತ 1.4 ಸೆಕೆಂಡಿನ ನಂತರ ಮೋಟಾರ್ ನಿಂತಿತ್ತು. 25ರ ವೇಗದಲ್ಲಿ ಅದು ಸುಮಾರು 10 ಮೀಟರ್ ದೂರ. ಹನ್ನೆರಡು ಅಯಸ್ಕಾಂತಗಳ ಬಿಲ್ಲೆ ಹಾಕಿ, ಸೆಟ್ಟಿಂಗಿನಲ್ಲಿ ಕಾಯುವ ಅವಧಿಯನ್ನು ಇಳಿಸಿದ ಮೇಲೆ ಅದು 0.4 ಸೆಕೆಂಡಿಗೆ ಬಂತು. ಬ್ರೇಕ್ ರಬ್ಬರು, ಕೇಬಲ್ಲು, ಮುಂದಿನ ಬಿಳಿಯ ಮತ್ತು ಹಿಂದಿನ ಕೆಂಪು ಪ್ರತಿಫಲಕ, ದೀಪ, ಗಂಟೆ ಇವೆಲ್ಲ ಅರ್ಧ ದಿನದ ಕೆಲಸ.

ಕೊನೆಯದಾಗಿ ಚಕ್ರದ ವ್ಯಾಸ. ಪರದೆಯಲ್ಲಿ 28 ಇಂಚು ಎಂದು ಕೊಟ್ಟರೆ ಅದು ಸುತ್ತಳತೆಯನ್ನು 2234 ಮಿಲಿಮೀಟರ್ ಎಂದು ಎಣಿಸುತ್ತದೆ, ನಿಜವಾದದ್ದು 2165. ಆದ್ದರಿಂದ ಪರದೆ 25 ಎಂದಾಗ ನಿಜವಾದ ವೇಗ 24.2. ತಪ್ಪುವುದಾದರೆ ಕಡಿಮೆಯ ಕಡೆಗೇ ತಪ್ಪಲಿ ಎಂದು ಅದನ್ನೇ ಉಳಿಸಿದೆ. ಗಾಳಿಯಿಲ್ಲದ ಮುಂಜಾನೆ ಅದೇ ರಸ್ತೆಯಲ್ಲಿ ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ ಜಿಪಿಎಸ್‌ನೊಂದಿಗೆ ಓಡಿಸಿದೆವು. 23ರ ಹೊತ್ತಿಗೆ ನೆರವು ಇಳಿಯತೊಡಗಿ, 24 ದಾಟಿದ ಕೂಡಲೇ ನಿಂತಿತು. ಅದಕ್ಕಿಂತ ವೇಗವಾಗಿ ಹೋಗಬೇಕಾದರೆ ಕಾಲಿನ ಬಲದಿಂದಲೇ ಹೋಗಬೇಕು. ಮೋಟಾರಿನ ಸಾಮರ್ಥ್ಯ, ಬ್ಯಾಟರಿಯ ವೋಲ್ಟೇಜ್, ನೆರವು ನಿಲ್ಲುವ ವೇಗ ಇಷ್ಟನ್ನು ಬರೆದ ಚೀಟಿಯನ್ನು ಫ್ರೇಮಿಗೆ ಅಂಟಿಸಿದೆ. ಅಳತೆಗಳ ಪುಟಗಳ ಪ್ರತಿಯನ್ನು ಬ್ಯಾಟರಿಯ ಪ್ರಮಾಣಪತ್ರದೊಂದಿಗೆ ಹುಡುಗನ ಕೈಗೆ ಕೊಟ್ಟೆ.

50 ಕಿಲೋಮೀಟರ್ ಆದ ಮೇಲೆ ಮುಂದಿನ ನಟ್ಟುಗಳನ್ನು ವ್ರೆಂಚಿನಿಂದ ಪರೀಕ್ಷಿಸಿದಾಗ ಎಡಗಡೆಯದು ಒಂದಿಷ್ಟು ತಿರುಗಿ ಬಿಗಿಯಾಯಿತು, ಹೊಸ ವಾಷರ್ ಬಣ್ಣದೊಳಗೆ ಕೂರುವಾಗ ಹಾಗಾಗುತ್ತದೆ. ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆದೆ. ಈಗ 212 ಕಿಲೋಮೀಟರ್ ಆಗಿದೆ, ಬಿಳಿ ಗೆರೆ ಎರಡೂ ಬದಿಯಲ್ಲಿ ಅಖಂಡವಾಗಿದೆ. ಮುಂದಿನ ತಪಾಸಣೆ 500ಕ್ಕೆ, ಅಂದು ಟಾರ್ಕ್ ಆರ್ಮ್ ಬಿಚ್ಚಿ ಫೋರ್ಕಿನ ಗಂಡಿಯ ಅಗಲವನ್ನು ಮತ್ತೆ ಅಳೆಯುತ್ತೇನೆ.